ಚೆನ್ನೈ ಬೆವರು, ಜಲವರ್ಣ

ಚೆನ್ನೈಗೆ ಹೊರಟೆ ಅಂದರೆ ನಮ್ಮಲ್ಲಿ ಎರಡೇ ಪ್ರಶ್ನೆ: ‘ಕಣ್ಣಿನ ಆಸ್ಪತ್ರೆಗಾ, ಸೀರೆಗಾ?’ ಚಿತ್ರ ಬರೆಯೋಕೆ ಅಂದರೆ ಮೂರನೆಯ ಪ್ರಶ್ನೆಯೊಂದು ಮುಖದಲ್ಲಿ ಮೂಡುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೆ. ಮಾಂಬಲದಲ್ಲಿ ಅಕ್ಕನ ಮನೆ ಇರುವುದರಿಂದ ರಜೆಯಲ್ಲಿ ಉಳಿಯುವ ಚಿಂತೆಯಿಲ್ಲ. ಹೆಗಲ ಚೀಲದಲ್ಲಿ ಅಂಗೈಗಿಂತ ತುಸು ದೊಡ್ಡ ಪುಸ್ತಕ, ಕಪ್ಪು ಶಾಯಿಯ ಪೆನ್ನು, ಹನ್ನೆರಡು ಬಣ್ಣದ ಡಬ್ಬಿ, ಹೊಟ್ಟೆಯಲ್ಲೇ ನೀರು ತುಂಬಿಕೊಳ್ಳುವ ಬ್ರಷ್ಷು. ಜೊತೆಗೆ ಎರಡು ಕರವಸ್ತ್ರ. ಒಂದು ಮುಖಕ್ಕೆ, ಇನ್ನೊಂದು ಕಾಗದಕ್ಕೆ.

ಎರಡನೆಯದು ಶೋಕಿಗಲ್ಲ. ಬೆವರಿದ ಅಂಗೈ ತಾಗಿದ ಕಡೆ ಕಾಗದಕ್ಕೆ ಜಿಡ್ಡು ಹತ್ತಿಬಿಡುತ್ತದೆ. ಆಮೇಲೆ ಅಲ್ಲಿ ಜಲವರ್ಣ ಹಿಡಿಯುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರುತ್ತದೆ. ನಾನೀಗ ಇರುವ ಮೈಸೂರಿನ ಒಣ ಗಾಳಿಯಲ್ಲಿ ಇನ್ನೊಂದು ಬಣ್ಣ ಕಲಸುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಇಲ್ಲಿ ಕಡಲಗಾಳಿ ಎದ್ದರೆ ಆರುವ ಮಾತೇ ಇಲ್ಲ. ಆಕಾಶದ ನೀಲಿ ಹಸಿಯಿರುವಾಗಲೇ ಹಣೆಯಿಂದ ಒಂದು ಹನಿ ಬಿದ್ದರೆ, ಅದು ಬಣ್ಣವನ್ನು ಸುತ್ತಲೂ ತಳ್ಳಿ ನಡುವೆ ಬೆಳ್ಳಗೆ ಅರಳುತ್ತದೆ. ನಾನು ಒರೆಸಲು ಹೋಗುವುದಿಲ್ಲ. ಮದ್ರಾಸಿನ ಮೋಡ ಅಂತ ಬಿಟ್ಟುಬಿಡುತ್ತೇನೆ.

ಬೆಳಗ್ಗೆ ಬಿಸಿಲು ಏರುವ ಮೊದಲು ಮೈಲಾಪುರ. ಕಪಾಲೀಶ್ವರ ದೇವಸ್ಥಾನದ ಪೂರ್ವದ ರಾಜಗೋಪುರ 1906ರದು. ಏಳು ನೆಲೆ, ಸುಮಾರು 120 ಅಡಿ ಎತ್ತರ. ಮೈತುಂಬ ಗಾರೆಯ ದೇವರು, ದ್ವಾರಪಾಲಕರು, ಋಷಿಗಳು, ನಂದಿಗಳು. ಶಿಲ್ಪಿಗಳು ಒಂದು ಗೇಣು ಖಾಲಿ ಜಾಗ ಬಿಟ್ಟಿಲ್ಲ. ಒಬ್ಬೊಬ್ಬರನ್ನೇ ಬರೆಯುತ್ತ ಕೂತರೆ ಪಂಗುಣಿ ಮಾಸದ ಅರುಪತ್ತಿಮೂವರ್ ಉತ್ಸವ ಬಂದು ಹೋದರೂ ಮುಗಿಯದು. ಅದಕ್ಕೇ ನಾನು ದೇವರಿಂದ ಶುರುಮಾಡುವುದಿಲ್ಲ, ಕತ್ತಲಿಂದ ಶುರುಮಾಡುತ್ತೇನೆ. ಪ್ರತಿ ನೆಲೆಯ ನಡುವೆ ಒಂದೊಂದು ಬಾಗಿಲಿನಂಥ ತೆರಪಿದೆ, ಮೇಲೆ ಹೋದಂತೆ ಚಿಕ್ಕದಾಗುತ್ತದೆ. ಆ ಕಪ್ಪು ಚೌಕಗಳು ಒಂದರ ಮೇಲೊಂದು ನೆಟ್ಟಗೆ ಕೂತವೆಂದರೆ ಗೋಪುರಕ್ಕೆ ಬೆನ್ನೆಲುಬು ಬಂತು. ಆಮೇಲೆ ಎರಡು ಓರೆ ಅಂಚು, ತುದಿಯಲ್ಲಿ ಕಮಾನು, ಕಲಶಗಳ ಸಾಲು. ಕೆಳಗಿನ ನೆಲೆಯ ಮೂರ್ನಾಲ್ಕು ಮೂರ್ತಿಗಳಿಗೆ ಮಾತ್ರ ಕಿರೀಟ, ಮೊಣಕೈ, ಸೊಂಟದ ಓರೆ. ಅದರ ಮೇಲಿನವರಿಗೆ ಬರೀ ಸುರುಳಿ. ಇನ್ನೂ ಮೇಲಿನವರಿಗೆ ಚುಕ್ಕೆ. ಅಲ್ಲಲ್ಲಿ ಸ್ವಲ್ಪ ನೀಲಿ, ಸ್ವಲ್ಪ ಗುಲಾಬಿ. ಉಳಿದದ್ದು ಕಾಗದದ ಬಿಳಿ.

ಪಕ್ಕದಲ್ಲಿ ನಿಂತು ಬೇಸತ್ತ ಭಾವ ಕೇಳಿದರು: ‘ಒಂದು ಫೋಟೋ ಹೊಡೆದ್ರೆ ಎಲ್ಲ ದೇವ್ರೂ ಬರ್ತಾರಲ್ಲ ಮಾರಾಯ?’

‘ಅದೇ ತೊಂದರೆ ಭಾವ, ಎಲ್ಲರೂ ಬಂದುಬಿಡ್ತಾರೆ.’

ಅವರು ರೋಸ್ ಮಿಲ್ಕ್ ಕುಡಿಯಲು ಹೋದರು.

ಉಡುಪಿ ಕಡೆ ಬೆಳೆದವನಿಗೆ ಮರೀನಾದ ಸಂಜೆ ಅದಲುಬದಲು. ನಮ್ಮಲ್ಲಿ ಸಂಜೆಯ ಸೂರ್ಯ ಕಡಲ ಮೇಲಿರುತ್ತಾನೆ; ನೀರು ನೋಡುತ್ತ ನಿಂತವರು ಹಿಂದೆ ಕೂತವನಿಗೆ ಕಪ್ಪು ಆಕೃತಿಗಳು. ಇಲ್ಲಿ ಸೂರ್ಯ ಊರಿನ ಹಿಂದೆ ಇಳಿಯುವುದರಿಂದ ಬೆಳಕೆಲ್ಲ ಬೆನ್ನಿಗೆ. ಅಂಟಿಕೊಂಡ ಅಂಗಿ, ಜಡೆಯ ಮಲ್ಲಿಗೆ, ಅಪ್ಪನ ಹೆಗಲೇರಿದ ಮಗು. ಮರೀನಾದಲ್ಲಿ ನಾನು ಮುಖ ಬರೆಯುವುದೇ ಇಲ್ಲ. ದೇವಿಪ್ರಸಾದ್ ರಾಯ್ ಚೌಧುರಿಯವರ ಕಂಚಿನ ‘ಶ್ರಮದ ವಿಜಯ’ (1959) ಇರುವುದೂ ಇಲ್ಲೇ. ಬಂಡೆ ಎಬ್ಬುತ್ತಿರುವ ಆ ನಾಲ್ವರನ್ನೂ ಬೆನ್ನಿನ ಕಡೆಯಿಂದ ಬರೆದರೇನೇ ಕಸುವು ಕಾಣುವುದು. ರಾಯ್ ಚೌಧುರಿ ಮದ್ರಾಸು ಕಲಾಶಾಲೆಯ ಪ್ರಾಂಶುಪಾಲರಾಗಿದ್ದವರು; ಅವರ ಶಿಷ್ಯ ಕೆ.ಸಿ.ಎಸ್. ಪಣಿಕ್ಕರ್ 1966ರಲ್ಲಿ ಕಟ್ಟಿದ್ದು ಚೋಳಮಂಡಲ ಕಲಾಗ್ರಾಮ. ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಅಲ್ಲಿನ ಮೊದಲಿಗರಲ್ಲೊಬ್ಬರು, ‘ಸಂಸ್ಕಾರ’ ಸಿನಿಮಾಕ್ಕೆ ಕಲಾ ನಿರ್ದೇಶನ ಮಾಡಿದವರು. ಗೆರೆ ಹುಡುಕಿಕೊಂಡು ಮದ್ರಾಸಿಗೆ ಬಂದ ಕನ್ನಡಿಗ ನಾನೊಬ್ಬನೇ ಅಲ್ಲ ಎಂದು ಸಮಾಧಾನ.

ಟಿ. ನಗರದ ರಂಗನಾಥನ್ ಸ್ಟ್ರೀಟಿನ ಜನಜಂಗುಳಿಯನ್ನು ಹೇಗಪ್ಪ ಬರೆಯುವುದು ಎನ್ನುವವರಿಗೆ ಒಂದು ಗುಟ್ಟು. ನೀವೂ ಅದೇ ನೆಲದ ಮೇಲೆ ನಿಂತಿದ್ದರೆ, ಹತ್ತಿರದವರದಾಗಲಿ ದೂರದವರದಾಗಲಿ, ತಲೆಗಳೆಲ್ಲ ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಮಟ್ಟದಲ್ಲೇ ಬರುತ್ತವೆ. ಪಾದಗಳು ಮಾತ್ರ ಮೇಲೆ ಕೆಳಗೆ. ಆದ್ದರಿಂದ ಒಂದೇ ಗೆರೆಯಲ್ಲಿ ತಲೆಗಳನ್ನು ಪೋಣಿಸಿ, ಮುಂದಿನ ಒಬ್ಬಿಬ್ಬರಿಗೆ ಕಾಲು, ಎಲ್ಲರಿಗೂ ಬಟ್ಟೆಯಂಗಡಿಯ ಚೀಲ. ಅಷ್ಟಕ್ಕೇ ರಸ್ತೆ ತುಂಬಿಹೋಗುತ್ತದೆ. 2023ರಲ್ಲಿ ಮಾಂಬಲಂ ರೈಲು ನಿಲ್ದಾಣದಿಂದ ಬಸ್ ನಿಲ್ದಾಣದವರೆಗೆ ಪಾದಚಾರಿಗಳ ಮೇಲ್ಸೇತುವೆಯಾಗಿದೆ. ನಡೆಯಲು ಸುಖ, ಚಿತ್ರಕ್ಕೆ ಸಪ್ಪೆ. ಮೇಲಿಂದ ಕಾಣುವುದು ಬರೀ ನೆತ್ತಿ.

ಅಲ್ಲೇ ಕೆಳಗೆ, ಅಡಿಯಿಂದ ಮುಡಿಯವರೆಗೆ ಹಳದಿಯಾದ ಒಂದು ಆಟೋ ಬರೆಯುತ್ತಿದ್ದೆ. ಅದರ ಚಾಲಕರು ಹಿಂದಿನಿಂದ ಬಗ್ಗಿ ನೋಡಿ, ಚಕ್ರಕ್ಕೂ ಗಾಜಿಗೂ ತಲೆದೂಗಿ, ಕೊನೆಗೆ ಖಾಲಿ ಬಿಟ್ಟಿದ್ದ ಫಲಕದ ಮೇಲೆ ಬೆರಳಿಟ್ಟರು. ‘ನಂಬರ್ ಪೋಡುಂಗ ಸಾರ್!’ ಗೋಪುರದ ಋಷಿಗಳನ್ನೆಲ್ಲ ಚುಕ್ಕೆಯಲ್ಲಿ ಮುಗಿಸಿದವನು ಅವರ ಆಟೋದ ನಂಬರನ್ನು ಒಂದಂಕಿಯೂ ಬಿಡದೆ ಬರೆದುಕೊಟ್ಟೆ. ಅವರು ಎರಡು ಸಲ ಓದಿ, ಸರಿಯಿದೆ ಎಂದ ಮೇಲೆಯೇ ಗಾಡಿ ಹೊರಡಿಸಿದ್ದು.