ತೊಕ್ಕೊಟ್ಟಿನ ಗ್ಯಾರೇಜುಗಳು, ವಾರಂಟಿ ಬಂದ ಮೇಲೆ

ತೊಕ್ಕೊಟ್ಟಿನಲ್ಲಿ ಕಾರು ರಿಪೇರಿಯ ಕಸುಬು ಬೇರೂರಿದ್ದು ಅಲ್ಲಿ ಕೂಡುವ ರಸ್ತೆಗಳಿಂದ. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿ ತಲಪಾಡಿಯತ್ತ ಹೋಗುವ ಹೆದ್ದಾರಿಗೆ ಆಗ 17ನೇ ನಂಬರು, ಈಗ 66. ಅದರ ಪಡುವಣಕ್ಕೆ ಉಳ್ಳಾಲದ ದಾರಿ, ಮೂಡಣಕ್ಕೆ ದೇರಳಕಟ್ಟೆ, ಕೊಣಾಜೆ, ಮುಡಿಪು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು, ಆಮೇಲೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಬಂದವು. ಈ ದಾರಿಗಳಲ್ಲಿ ಓಡುತ್ತಿದ್ದ ಅಂಬಾಸಿಡರು, ಪದ್ಮಿನಿಗಳಿಗೆ ಜಂಕ್ಷನ್ನಿನ ಆಸುಪಾಸಿನ ತಗಡಿನ ಶೆಡ್ಡುಗಳೇ ಆಸ್ಪತ್ರೆ. ಒಂದು ಶೆಡ್ಡಿನಲ್ಲಿ ಎಂಜಿನ್ ಕೆಲಸವಾದರೆ ಪಕ್ಕದಲ್ಲಿ ಟಿಂಕರಿಂಗು, ಅದರಾಚೆ ಬ್ಯಾಟರಿ ಚಾರ್ಜು ಮಾಡುವ ಇಲೆಕ್ಟ್ರಿಷಿಯನ್. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಭಾಷೆಗಳಲ್ಲೂ ಚೌಕಾಸಿ ನಡೆಯುತ್ತಿತ್ತು.

ಆ ಅಂಗಳಗಳಲ್ಲಿ ವಾರಂಟಿ ಎಂಬ ಮಾತು ಕಿವಿಗೆ ಬೀಳುತ್ತಿದ್ದುದೇ ಅಪರೂಪ. ಬರುತ್ತಿದ್ದ ಕಾರುಗಳಲ್ಲಿ ಹೆಚ್ಚಿನವು ಎರಡನೆಯ ಇಲ್ಲವೇ ಮೂರನೆಯ ಕೈಯವು. ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುವುದು, ಪಾಯಿಂಟಿಗೆ ಉಪ್ಪುಕಾಗದ ಉಜ್ಜುವುದು, ಟ್ಯಾಪೆಟ್ ಸೆಟ್ಟಿಂಗು ಇಷ್ಟರಲ್ಲಿ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು. ಪ್ಲಗ್ ತೆಗೆದು ಮಸಿ ಒರೆಸುವುದು, ಫ್ಯಾನ್ ಬೆಲ್ಟು ಹಾಕುವುದು, ರೇಡಿಯೇಟರಿಗೆ ನೀರು ಹೊಯ್ಯುವುದು ಕಾರಿನ ಯಜಮಾನನಿಗೂ ಡ್ರೈವರನಿಗೂ ಬರಲೇಬೇಕಾದ ವಿದ್ಯೆ. ಮನೆಯ ಕೆಲಸ, ಮೆಕ್ಯಾನಿಕ್ಕಿನ ಕೆಲಸ ಎಂಬ ಗೆರೆ ಇರಲಿಲ್ಲ. ಬಿಲ್ಲು ಎಂದರೆ ಸಿಗರೇಟು ಪ್ಯಾಕಿನ ಹಿಂಬದಿಯ ಕೂಡುಲೆಕ್ಕ. ಯಾವ ಕಾರಿಗೆ ಯಾವಾಗ ಕ್ಲಚ್ ಪ್ಲೇಟು ಹಾಕಿದೆ ಎಂಬುದು ಮೆಕ್ಯಾನಿಕ್ಕಿನ ತಲೆಯಲ್ಲಿ ಇರುತ್ತಿತ್ತು, ಮತ್ತು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800, ಮರುವರ್ಷ ಮಾರುತಿ ವ್ಯಾನು ಬಂದವು. ಹೊಸ ಕಾರು ಕೊಳ್ಳುವವರು ಹೆಚ್ಚಿದಂತೆ ಕಾರಿನೊಂದಿಗೆ ಸರ್ವೀಸ್ ಪುಸ್ತಕ, ಅದರಲ್ಲಿ ಫ್ರೀ ಸರ್ವೀಸಿನ ಕೂಪನ್ನುಗಳೂ ಮನೆ ಸೇರಿದವು. ಫ್ರೀ ಎಂದರೆ ಕೂಲಿ ಮಾತ್ರ ಫ್ರೀ. ಆಯಿಲು, ಫಿಲ್ಟರುಗಳಿಗೆ ಹಣ ಕೊಡಬೇಕು. ಇದು ಅನೇಕರಿಗೆ ಅರಿವಾದದ್ದು ಮಂಗಳೂರಿನ ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ. ಆದರೂ ಕೂಪನ್ನು ಮುಗಿಯುವವರೆಗೆ ಕಾರು ಸೇತುವೆ ದಾಟುತ್ತಿತ್ತು, ಮುಗಿದೊಡನೆ ತೊಕ್ಕೊಟ್ಟಿಗೆ ಮರಳುತ್ತಿತ್ತು. ಎಂಜಿನ್ ಹೊಸದಾದರೂ ಕಾರ್ಬ್ಯುರೇಟರಿನದೇ, ಸ್ಥಳೀಯ ಕೈಗೆ ತಿಳಿಯದ್ದೇನಲ್ಲ.

ನಿಜವಾದ ಬದಲಾವಣೆ ಬಂದದ್ದು 2000ದ ಸುಮಾರಿಗೆ, ಭಾರತ್ ಸ್ಟೇಜ್ ನಿಯಮಗಳ ಜೊತೆಗೆ. ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು, ಟ್ಯೂನಿಂಗು ಸ್ಕ್ರೂ ಡ್ರೈವರಿನಿಂದ ಕಂಪ್ಯೂಟರಿಗೆ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ ಸ್ಕ್ಯಾನರ್ ಇಲ್ಲದೆ ಕಾರಣ ಹೇಳಲಾಗದು. ಕೆಲವು ಹಳೆಯ ಕೈಗಳು ಹಳೆಯ ಕಾರುಗಳಿಗೇ ಅಂಟಿಕೊಂಡವು. ಕಿರಿಯರು ಕೆಲವರು ಕಂಪನಿ ಸರ್ವೀಸ್ ಸೆಂಟರಿಗೆ ಕೆಲಸಕ್ಕೆ ಸೇರಿ, ಅಲ್ಲಿ ಕಲಿತು, ಹಿಂದಿರುಗಿ ಸ್ವಂತ ಗ್ಯಾರೇಜು ತೆರೆದರು. ತೊಕ್ಕೊಟ್ಟಿನ ಕಸುಬು ಉಳಿದದ್ದು ಬಹುಮಟ್ಟಿಗೆ ಇವರಿಂದ.

ಇದೇ ಕಾಲಕ್ಕೆ ಊರಲ್ಲಿ ಒಂದು ನಂಬಿಕೆ ಗಟ್ಟಿಯಾಯಿತು: ಹೊರಗಿನವರು ಬಾನೆಟ್ಟು ತೆರೆದರೆ ವಾರಂಟಿ ಹೋಯಿತು. ಇದನ್ನು ಕೇಳಿದ ಮೆಕ್ಯಾನಿಕ್ಕುಗಳೇ ಹೊಸ ಕಾರುಗಳನ್ನು ಮುಟ್ಟಲು ಹಿಂಜರಿದರು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು ಶಂಶೇರ್ ಕಟಾರಿಯಾ ಅವರ ದೂರಿನ ಮೇಲೆ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಬಿಡಿಭಾಗಗಳು ಹೊರಗಿನ ಮಾರುಕಟ್ಟೆಯಲ್ಲೂ ಸಿಗಬೇಕು, ಹೊರಗೆ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ಅದನ್ನು ನಿರಾಕರಿಸಬಹುದು ಎಂದಿತು. ಅಮೆರಿಕದಲ್ಲಿ ಇಂಥ ಷರತ್ತಿಗೆ 1975ರ ಮ್ಯಾಗ್ನುಸನ್–ಮಾಸ್ ಕಾಯ್ದೆಯೇ ತಡೆ ಹಾಕಿತ್ತು. ಇಲ್ಲಿ ಕಂಪನಿಗಳು ಮೇಲ್ಮನವಿ, ಕೋರ್ಟು ಎಂದು ಹೋದವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಪೋರ್ಟಲ್ ತೆರೆದದ್ದು 2022ರ ಡಿಸೆಂಬರಿನಲ್ಲಿ. ಆದರೆ ಗ್ಯಾರೇಜಿನ ಅಂಗಳದಲ್ಲಿ ಈ ಆದೇಶಗಳ ಸದ್ದು ಅಷ್ಟಾಗಿ ಕೇಳಲಿಲ್ಲ. ಹಳೆಯ ನಂಬಿಕೆಯೇ ಹೆಚ್ಚು ಗಟ್ಟಿ.

ಆ ನಂಬಿಕೆ ಉಳಿಯಲು ಕಾರಣವೂ ಇದೆ. ವಾರಂಟಿ ಜಗಳವಾದಾಗ ಗೆಲ್ಲುವುದು ಕೈಚಳಕವಲ್ಲ, ಕಾಗದ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಆಯಿಲು ಬಿತ್ತು ಎಂಬುದಕ್ಕೆ ಜಾಬ್ ಕಾರ್ಡು, ಬಿಲ್ಲು ಇದ್ದವನ ಮಾತು ನಡೆಯುತ್ತದೆ. ನೆನಪಿನ ಮೇಲೆ ನಡೆದ ಕಸುಬಿನ ಬಳಿ ಇಲ್ಲದಿದ್ದದ್ದು ಇದೊಂದೇ. ಅಂಬಾಸಿಡರಿನ ಕಾಲಕ್ಕೆ 20ಡಬ್ಲ್ಯು–40 ಆಯಿಲು ಯಾವ ಡಬ್ಬಿಯದಾದರೂ ನಡೆಯುತ್ತಿತ್ತು. ಈಗಿನ ಕೆಲವು ಮಾರುತಿ ಎಂಜಿನ್ನುಗಳು ಕೇಳುವುದು 0ಡಬ್ಲ್ಯು–16. ಅದನ್ನು ಮನೆಯಂಗಳದಲ್ಲೇ ಬದಲಿಸಬಲ್ಲವರು ಉಳ್ಳಾಲದಲ್ಲಿ ಇದ್ದಾರೆ. ಆದರೆ ನಾಳೆ ಎಂಜಿನ್ ಕೆಟ್ಟರೆ, ಸರಿಯಾದ ಆಯಿಲು ಹಾಕಿದೆ ಎಂದು ತೋರಿಸುವ ಹೊಣೆ ಹಾಕಿದವನ ತಲೆಗೆ ಬರುತ್ತದೆ. ಉಳಿಯುವ ಕೂಲಿ ಕೆಲವು ನೂರು ರೂಪಾಯಿ, ಎದುರಿಗಿರುವ ಅಪಾಯ ಎಂಜಿನ್ನಿನದು. ಅದೂ ಕೂಲಿ ಫ್ರೀ ಇರುವ ಮೊದಲ ವರ್ಷದಲ್ಲಿ ಉಳಿಯುವುದು ಏನೂ ಇಲ್ಲ. ತೆಗೆದ ಹಳೆಯ ಆಯಿಲನ್ನು ಹಿಂದಿನಂತೆ ಗೆದ್ದಲಿಗೆಂದು ಮರಕ್ಕೆ ಬಳಿಯುವ ಅಥವಾ ತೋಡಿಗೆ ಚೆಲ್ಲುವ ಹಾಗಿಲ್ಲ, ಅದೀಗ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ.

ಇಲ್ಲಿ ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವುದು ಗಲ್ಫಿನವರ ಕಾರು. ಯಜಮಾನ ದುಬೈಯಲ್ಲೋ ದಮ್ಮಾಮಿನಲ್ಲೋ, ಕಾರು ಮನೆಯ ಶೆಡ್ಡಿನಲ್ಲಿ. ವರ್ಷಕ್ಕೆ ಓಡುವುದು ಎರಡು ಸಾವಿರ ಕಿಲೋಮೀಟರು ಇದ್ದರೆ ಹೆಚ್ಚು. ಓಡದ ಕಾರಿಗೆ ಎಂಥ ಸರ್ವೀಸು ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಆದರೆ ಷರತ್ತು 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಇದು ಬರೀ ಕಂಪನಿಯ ಹಟವಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆರಿಸಿದ ಚಿಕ್ಕ ಓಡಾಟಗಳಲ್ಲಿ ತೇವ, ಪೆಟ್ರೋಲು ಆಯಿಲಿನಲ್ಲಿ ಸೇರುತ್ತವೆ, ಕರಾವಳಿಯ ಗಾಳಿಯಲ್ಲಿ ಬ್ಯಾಟರಿ ಟರ್ಮಿನಲ್ಲು ಹಸಿರುಗಟ್ಟುತ್ತದೆ. ತಮ್ಮನೋ ಬಾವನೋ ವರ್ಷಕ್ಕೊಮ್ಮೆ ಕಾರನ್ನು ಸೇತುವೆ ದಾಟಿಸಿ ಪುಸ್ತಕಕ್ಕೆ ಮೊಹರು ಹಾಕಿಸುವುದೇ ಕ್ಷೇಮ.

ಕಂಪನಿ ಸರ್ವೀಸಿನ ಎಸ್ಟಿಮೇಟನ್ನು ಹಾಗೆಯೇ ಒಪ್ಪಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಅಂಡರ್‌ಬಾಡಿ ಕೋಟಿಂಗು, ಎಸಿ ಕ್ಲೀನಿಂಗು, ಒಳಗಿನ ಪಾಲಿಶು ಮುಂತಾದವು ಸಾಮಾನ್ಯವಾಗಿ ಪುಸ್ತಕದ ಸರ್ವೀಸ್ ಪಟ್ಟಿಯಲ್ಲಿ ಇರುವುದಿಲ್ಲ, ಮಾಡಿಸದಿದ್ದರೆ ವಾರಂಟಿಗೆ ಕುಂದೂ ಇಲ್ಲ. ಸಮುದ್ರದ ಉಪ್ಪು, ಹೆದ್ದಾರಿಯಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ನೀರು ಎರಡೂ ಇರುವ ಊರಿನಲ್ಲಿ ಅಡಿಯ ಕೋಟಿಂಗು ಉಪಯುಕ್ತವೇ. ಆದರೆ ಅದು ಯಜಮಾನನ ಆಯ್ಕೆ. ಗಾಳಿ ನೋಡುವುದು, ವೈಪರ್ ಬದಲಿಸುವುದು, ಏರ್ ಫಿಲ್ಟರಿನ ಕೆಂಪು ಧೂಳು ಕೊಡವುವುದು, ಅಡಿಗೆ ನೀರು ಹಾಯಿಸಿ ತೊಳೆಯುವುದು ಮನೆಯಲ್ಲೇ ಆಗುವಂಥವು. ಆಗಬಾರದ್ದು ವೈರು ಕತ್ತರಿಸುವುದು. ಹಾರ್ನು, ಫಾಗ್ ಲ್ಯಾಂಪು, ಮ್ಯೂಸಿಕ್ ಸಿಸ್ಟಮ್ಮಿಗೆಂದು ಹೊರಗೆ ಹಾರ್ನೆಸ್ಸು ಸೀಳಿ ಟೇಪು ಸುತ್ತಿದ ಕಾರಿಗೆ ಮುಂದೆ ಇಲೆಕ್ಟ್ರಿಕಲ್ ದೋಷ ಬಂದರೆ ವಾರಂಟಿ ಕೇಳುವುದು ಕಷ್ಟ.

ವಾರಂಟಿ ಹೊರುವುದು ತಯಾರಿಕೆಯ ದೋಷವನ್ನು ಮಾತ್ರ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ ಬೀಳುವ ಈ ಕಡೆ, ಮಳೆಗಾಲದ ಆಟಿ ತಿಂಗಳ ಎರಡು ಕಾಟಗಳು ಅದರ ಹೊರಗೇ ಉಳಿಯುತ್ತವೆ. ಒಂದು, ಬಾನೆಟ್ಟಿನಡಿ ಬೆಚ್ಚಗೆ ಕೂತು ವೈರು ಕಡಿಯುವ ಇಲಿ. ಹೊಗೆಸೊಪ್ಪು ಇಡುವವರೂ ಜಾಲರಿ ಹಾಕಿಸುವವರೂ ಇದ್ದಾರೆ. ಇನ್ನೊಂದು, ನಿಂತ ನೀರಿನಲ್ಲಿ ಆಫಾದ ಎಂಜಿನ್ನು. ಅದನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ನೀರು ಸಿಲಿಂಡರಿಗೆ ನುಗ್ಗಿ ಕನೆಕ್ಟಿಂಗ್ ರಾಡು ಬಾಗುತ್ತದೆ. ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಟ್ ಸೇರಿಸದಿದ್ದರೆ ಆ ಹಣ ಸಿಗುವುದು ಕಷ್ಟ.

ಹೆದ್ದಾರಿ ಅಗಲವಾದಾಗ ಅಂಚಿನ ಶೆಡ್ಡುಗಳು ಎದ್ದು ಒಳರಸ್ತೆಗಳಿಗೆ ಸರಿದವು. ಫ್ಲೈಓವರಿನ ಕೆಲಸ ವರ್ಷಗಟ್ಟಲೆ ಕುಂಟಿ 2019ರ ಜೂನಿನಲ್ಲಿ ಮುಗಿದಾಗ ದೂರದ ಗಾಡಿಗಳು ಜಂಕ್ಷನ್ನಿನಲ್ಲಿ ನಿಲ್ಲದೆ ಮೇಲಿಂದಲೇ ಹೋಗತೊಡಗಿದವು. ಕೆಟ್ಟು ನಿಂತ ಗಾಡಿಯ ವ್ಯಾಪಾರ ಕಡಿಮೆಯಾಯಿತು. ಉಳಿದ ಗ್ಯಾರೇಜುಗಳ ಜೀವಾಳ ವಾರಂಟಿ ಮುಗಿದ ಸ್ಥಳೀಯ ಕಾರುಗಳು. ಸ್ಕ್ಯಾನರ್ ಬಂದಿದೆ, ಜಿಎಸ್‌ಟಿ ನಂಬರಿನ ಬಿಲ್ಲು ಬಂದಿದೆ. ಎಷ್ಟೋ ಕಡೆ ಸಿಗರೇಟು ಪ್ಯಾಕಿನ ಬದಲು ಮೊಬೈಲಿನಲ್ಲಿ ಕಾರಿನ ಫೋಟೋ ಸಮೇತ ಲೆಕ್ಕವಿದೆ. ಆದರೆ ವಾರಂಟಿ ಮುಗಿದ ಕಾರುಗಳು ಕೈಗೆ ಬರುವ ದಿನ ದೂರವಾಗುತ್ತಿದೆ. ಮಾರುತಿ 2024ರ ಜುಲೈಯಲ್ಲಿ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1,00,000 ಕಿ.ಮೀ.ಗೆ ಏರಿಸಿತು. ಹಣ ಕೊಟ್ಟು ವಿಸ್ತರಿಸಿಕೊಳ್ಳುವವರೂ ಇದ್ದಾರೆ. ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಗಂತೂ 8 ವರ್ಷ, 1,60,000 ಕಿ.ಮೀ.ವರೆಗಿನ ವಾರಂಟಿ ಸಾಮಾನ್ಯ, ಆ ಕಾರುಗಳ ಹೈ ವೋಲ್ಟೇಜ್ ಭಾಗಗಳಿಗೆ ತರಬೇತಿ ಇಲ್ಲದವರು ಕೈ ಹಾಕುವಂತಿಲ್ಲ. ಅಂಥ ಕಾರಿನಲ್ಲಿ ಸ್ಥಳೀಯ ಗ್ಯಾರೇಜಿಗೆ ಸಿಗುವುದು ಟೈರು, ಬ್ರೇಕು, ಸಸ್ಪೆನ್ಷನ್ನು, ಮತ್ತೆ ಟಿಂಕರಿಂಗು.