ನೋಡಿದ್ದೀನಿ, ಆಡಿಲ್ಲ!

ಚಿತ್ರರಸಿಕ ಮಿತ್ರರೇ, ನಿಮ್ಮನ್ನು ಯಾರಾದರೂ ತಡೆದು ನಿಲ್ಲಿಸಿ, ‘ಏನ್ರೀ, ರಾಜ್‌ಕುಮಾರ್ ಅಭಿಮಾನಿ ಅಂತೀರಾ, ಯಾವ ಪಿಕ್ಚರಿನಲ್ಲಿ ಆಕ್ಟ್ ಮಾಡಿದ್ದೀರಿ?’ ಎಂದು ಕೇಳಿದ್ದಾರೆಯೇ? ಖಂಡಿತ ಇಲ್ಲ. ಕೇಳಿದರೆ ಅವನಿಗೆ ತಲೆ ಕೆಟ್ಟಿದೆ ಎನ್ನುತ್ತೀರಿ. ಸಿನಿಮಾದಲ್ಲಿ ಅಭಿಮಾನಿ ಎಂದರೆ ನೋಡುವವನು. ಟಿಕೆಟ್ ತಗೊಂಡ, ಸಿಳ್ಳೆ ಹೊಡೆದ, ಕಣ್ಣೊರೆಸಿಕೊಂಡು ಹೊರಗೆ ಬಂದ. ಅಲ್ಲಿಗೆ ಅವನ ಕೆಲಸ ಮುಗಿಯಿತು.

ಆದರೆ ಗೇಮ್ ವಿಷಯದಲ್ಲಿ ಈ ನ್ಯಾಯ ನಡೆಯುವುದಿಲ್ಲ ನೋಡಿ!

ಮೊನ್ನೆ ನಮ್ಮ ರಾವಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ಕಾಯುತ್ತಿದ್ದೆ. ಟೀ ಅಂಗಡಿಯ ಪಕ್ಕ ನಾಲ್ಕು ಹುಡುಗರು ತಲೆ ತಗ್ಗಿಸಿ ಬಿಜಿಎಂಐ ಆಡುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿದ ಮೇಲೆ 2021ರ ಜುಲೈನಲ್ಲಿ ಬಂತಲ್ಲ, ಅದೇ ಆಟ. ಐದನೆಯವನೊಬ್ಬ ಅವರ ಬೆನ್ನ ಹಿಂದೆ ನಿಂತಿದ್ದ. ಅವನ ಕೈಯಲ್ಲಿದ್ದ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿತ್ತು. ಅದರಲ್ಲಿ ಈ ಆಟ ಓಡುವುದಿಲ್ಲ. ಬೇರೆಯವರು ಆಡಿದ್ದನ್ನು ನೋಡಬಹುದು, ಅಷ್ಟೇ. ಅವನು ಮೆಲ್ಲಗೆ, ‘ಎಡಗಡೆ ಮನೆ ಒಳಗೆ ಒಬ್ಬ ಅವ್ನೆ ಕಣ್ಲಾ’ ಅಂದ. ಆಡುತ್ತಿದ್ದವನು ತಲೆಯನ್ನೂ ಎತ್ತದೆ ಅಂದ: ‘ನೀನು ನೋಡೋನು, ಸುಮ್ಕಿರ್ಲಾ! ಆಡಿದ್ರೆ ಗೊತ್ತಾಗದು.’

ಹುಡುಗ ಬಾಯಿ ಮುಚ್ಚಿಕೊಂಡ. ನನಗೆ ಯಾಕೋ ಬಿಸಿ ಟೀ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಹತ್ತು ಹದಿನೈದು ವರ್ಷದ ಹಿಂದೆ ಹಾಗೆ ಬೆನ್ನ ಹಿಂದೆ ನಿಂತಿದ್ದವನು ನಾನೇ!

ಹೈಸ್ಕೂಲಿನಲ್ಲಿದ್ದಾಗ ಪಿರಿಯಾಪಟ್ಟಣದ ಒಂದು ಸೈಬರ್ ಅಂಗಡಿಯಲ್ಲಿ ವೈಸ್ ಸಿಟಿ ಆಡುತ್ತಿದ್ದರು. 2002ರಲ್ಲಿ ಹೊರಬಂದ ಆ ಆಟ ನಮ್ಮ ಕಡೆ ಮುದುಕಾಗಲೇ ಇಲ್ಲ. ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟವನಿಗೆ ಕುರ್ಚಿ, ಕೊಡಲಾರದವನಿಗೆ ಕುರ್ಚಿಯ ಹಿಂದಿನ ಜಾಗ. ನನ್ನ ಜೇಬಿನಲ್ಲಿ ಬಸ್ ಚಾರ್ಜು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆದರೂ ಆ ಊರಿನ ಒಂದೊಂದು ಬೀದಿಯೂ ನನಗೆ ಗೊತ್ತಿತ್ತು. ಯಾವ ಸಂದಿಗೆ ನುಗ್ಗಿದರೆ ಪೊಲೀಸರು ಸಿಗುವುದಿಲ್ಲ ಎಂದು ಕುರ್ಚಿಯವರಿಗೆ ನಾನೇ ಹೇಳಿಕೊಡುತ್ತಿದ್ದೆ. ಕೀಲಿಮಣೆ ಮುಟ್ಟದೆಯೇ ನಾನು ಆ ಅಂಗಡಿಯ ಪಂಡಿತ!

ಆಮೇಲೆ ಪಿಯುಸಿ ಅರ್ಧಕ್ಕೆ ಬಿಟ್ಟೆ. ಅದಕ್ಕೆ ಕಾರಣ ಹೇಳಿದರೆ ಇನ್ನೊಂದು ಲೇಖನವಾಗುತ್ತದೆ. ಅದಿರಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅಲ್ಲಿಯವರೆಗೆ ಒಂದು ಹಾಡು ಇಳಿಸಿಕೊಳ್ಳಲು ಲೆಕ್ಕ ಹಾಕುತ್ತಿದ್ದ ನಾವು ರಾತ್ರಿಯೆಲ್ಲ ಯೂಟ್ಯೂಬ್ ನೋಡತೊಡಗಿದೆವು. ಆಗ ನನ್ನ ಕಣ್ಣಿಗೆ ಬಿದ್ದದ್ದು ‘ದಿ ಲಾಸ್ಟ್ ಆಫ್ ಅಸ್’. 2013ರಲ್ಲಿ ಪ್ಲೇಸ್ಟೇಷನ್ನಿಗೆಂದು ಬಂದ ಆಟ. ಮಗಳನ್ನು ಕಳಕೊಂಡ ಜೋಯಲ್ ಎಂಬ ಒರಟ, ಎಲ್ಲಿ ಎಂಬ ಹದಿನಾಲ್ಕರ ಹುಡುಗಿಯನ್ನು ರೋಗ ಹರಡಿದ ಅಮೆರಿಕದ ಉದ್ದಕ್ಕೂ ಕಾಪಾಡಿಕೊಂಡು ಹೋಗುವ ಕತೆ. ಯಾರೋ ಒಬ್ಬ ಅದನ್ನು ಮೊದಲಿನಿಂದ ಕೊನೆಯತನಕ ಆಡಿ ಹಾಕಿದ್ದ. ನಾನು ಒಂದು ಗಳಿಗೆಯೂ ಬಿಡದೆ ನೋಡಿದೆ. ನೋಡಿದ ಜಾಗ ಮಾತ್ರ ನೀವು ಊಹಿಸಲಾರಿರಿ. ಬ್ಯಾರನ್ ಒಲೆಯ ಮುಂದೆ!

ಮೈಸೂರು ಸೀಮೆಯ ಈ ಭಾಗದವರಿಗೆ ಬ್ಯಾರನ್ ಎಂದರೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತೇವೆ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಎತ್ತರದ ಬ್ಯಾರನ್ ಮನೆಯೊಳಗೆ ಸಾಲಾಗಿ ನೇತು ಹಾಕುತ್ತೇವೆ. ಹೊರಗಿನ ಒಲೆಗೆ ಸೌದೆ ಇಟ್ಟರೆ ಶಾಖ ತಗಡಿನ ಕೊಳವೆಯಲ್ಲಿ ಹಾದು ಒಳಗೆ ಹರಡುತ್ತದೆ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಐದಾರು ಹಗಲು, ಐದಾರು ರಾತ್ರಿ. ಒಳಗಿನ ಶಾಖವನ್ನು ಹಂತ ಹಂತವಾಗಿ ಏರಿಸಬೇಕು. ನಡುವೆ ಬೆಂಕಿ ಕುಸಿಯಬಾರದು, ಒಮ್ಮೆಲೇ ಏರಲೂಬಾರದು. ಅದಕ್ಕೇ ಒಲೆಯ ಮುಂದೆ ರಾತ್ರಿ ಒಬ್ಬ ಎದ್ದಿರಲೇಬೇಕು.

ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಇದನ್ನು ನೋಡಿದ್ದೇನೆ. ಸೌದೆ ಯಾವಾಗ ದೂಡುತ್ತಾರೆ, ಕಿಂಡಿಯಲ್ಲಿ ಇಣುಕಿ ಥರ್ಮಾಮೀಟರ್ ಹೇಗೆ ನೋಡುತ್ತಾರೆ, ಮೂಗಿಗೆ ಯಾವ ವಾಸನೆ ಬಂದರೆ ಏಳುತ್ತಾರೆ, ಎಲ್ಲಾ ಬಾಯಿಪಾಠ. 2017ರ ಹಂಗಾಮಿನಲ್ಲಿ ಅಪ್ಪನಿಗೆ ಜ್ವರ ಬಂತು. ‘ನಂಗೆ ಗೊತ್ತು ಬುಡಪ್ಪಾ, ನೀನು ಮಲಕ್ಕೋ’ ಅಂದೆ. ಇಪ್ಪತ್ತರ ವಯಸ್ಸು, ಹುಮ್ಮಸ್ಸು!

ಎರಡನೆಯ ರಾತ್ರಿ. ಫೋನಿನಲ್ಲಿ ಜೋಯಲ್ ಗಾಯಗೊಂಡು ಬಿದ್ದಿದ್ದ. ಹಿಮದಲ್ಲಿ ಎಲ್ಲಿ ಒಬ್ಬಳೇ ಬೇಟೆಗೆ ಹೊರಟಿದ್ದಳು. ತಲೆ ಎತ್ತಿ ನೋಡಿದಾಗ ಒಲೆಯಲ್ಲಿ ಕೆಂಡ ಮಾತ್ರ ಉಳಿದಿತ್ತು. ಕಿಂಡಿಯಲ್ಲಿ ಇಣುಕಿದೆ, ಶಾಖ ಇಳಿದಿತ್ತು. ಎದೆ ಧಸಕ್ ಎಂದಿತು. ಅಪ್ಪ ಏಳುವುದರೊಳಗೆ ಸರಿಮಾಡಬೇಕೆಂಬ ಅವಸರದಲ್ಲಿ ಒಲೆ ತುಂಬ ಸೌದೆ ತುರುಕಿದೆ. ಬೆಂಕಿ ಧಗಧಗ ಎಂದಿತು. ಹಸಿ ಆರದ ಎಲೆ ಒಳಗೇ ಬೆಂದುಹೋಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಬಂಗಾರದ ಬಣ್ಣ ಇರಬೇಕಾದ ಕಡೆ ಕಂದು ಕಲೆ.

ಅಪ್ಪ ಬೈಯಲಿಲ್ಲ. ಕಡ್ಡಿಯೊಂದನ್ನು ಇಳಿಸಿ ಎಲೆ ಸವರಿ ನೋಡಿದರು. ‘ನೋಡಿದ್ದೆ ಕಣ್ಲಾ ಮಗಾ ನೀನು. ಮಾಡಿರ್ನಿಲ್ಲ’ ಅಂದರು. ಅಷ್ಟೇ. ಹರಾಜಿನಲ್ಲಿ ನಮ್ಮ ಬೇಲ್ ಮುಂದೆ ನಿಂತವರು ಎಲೆ ಎತ್ತಿ ನೋಡಿ ಮುಂದಿನ ಬೇಲಿಗೆ ಹೋದರು. ಆ ವರ್ಷ ನರ್ಸಿಂಗಿಗೆ ಸೇರಬೇಕಿದ್ದ ನನ್ನ ತಂಗಿ ಮಾರನೆಯ ವರ್ಷ ಸೇರಿದಳು. ಅವಳು ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ಹಗುರವಾಗುತ್ತಿತ್ತೋ ಏನೋ!

ಇನ್ನೂ ಮೂರು ವರ್ಷ ಕಳೆದ ಮೇಲೆ ಮೈಸೂರಿನ ಗೆಳೆಯನ ರೂಮಿನಲ್ಲಿ ಅದೇ ಆಟ ಆಡುವ ಯೋಗ ಬಂತು. ಕತೆ ಗೊತ್ತು, ದಾರಿ ಗೊತ್ತು, ಯಾವ ಗೋಡೆಯ ಹಿಂದೆ ಯಾರಿದ್ದಾರೆ ಎನ್ನುವುದೂ ಗೊತ್ತು. ಗೊತ್ತಿಲ್ಲದ್ದು ನನ್ನ ಬೆರಳಿಗೆ ಮಾತ್ರ! ಕಣ್ಣಿಲ್ಲದೆ ಸದ್ದು ಹಿಡಿದು ಬರುವ ಆ ರೋಗಿಷ್ಟರ ಮುಂದೆ ಎಷ್ಟು ಸಲ ಸತ್ತೆನೋ, ಲೆಕ್ಕವಿಲ್ಲ. ಗೆಳೆಯ ಹೊಟ್ಟೆ ಹಿಡಿದು ನಕ್ಕ.

ಆದರೆ ನಾನು ಹೇಳಬೇಕೆಂದದ್ದು ಕೊನೆಯ ಆಸ್ಪತ್ರೆಯ ದೃಶ್ಯ. ಎಲ್ಲಿಯ ಮೆದುಳು ಕೊಯ್ದರೆ ಜಗತ್ತಿಗೆ ಔಷಧಿ ಸಿಗಬಹುದು. ಕೊಯ್ದರೆ ಅವಳು ಉಳಿಯುವುದಿಲ್ಲ. ಜೋಯಲ್ ನುಗ್ಗುತ್ತಾನೆ. ಟೇಬಲ್ಲಿನ ಮುಂದೆ ಡಾಕ್ಟರು ನಿಂತಿದ್ದಾನೆ. ಅಲ್ಲಿ ಆಟ ಕಾಯುತ್ತದೆ. ಗುಂಡಿ ಒತ್ತಿ ಅವನನ್ನು ಮುಗಿಸದೆ ಕತೆ ಮುಂದೆ ಹೋಗುವುದಿಲ್ಲ. ಬ್ಯಾರನ್ ಮುಂದೆ ನೋಡಿದಾಗ ‘ಹೊಡಿ ಅವ್ನಿಗೆ!’ ಎಂದು ಕೂಗಿದ್ದವನು ನಾನೇ. ಈಗ ಗುಂಡಿ ನನ್ನ ಬೆರಳ ಕೆಳಗಿತ್ತು, ಒತ್ತಲಾಗದೆ ಸುಮಾರು ಹೊತ್ತು ಕೂತೆ. ಕೊನೆಗೆ ಒತ್ತಿದೆ. ನೋಡಿದಾಗ ಕೊಂದವನು ಜೋಯಲ್. ಆಡಿದಾಗ ಕೊಂದವನು ನಾನು.

ಮಿತ್ರರೇ, ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ ಎಂದು ನನಗನಿಸುತ್ತದೆ. ಕತೆ, ಕಣ್ಣೀರು, ರೋಮಾಂಚನ ನೋಡಿದವನಿಗೂ ಪೂರ್ತಿ ಸಿಗುತ್ತವೆ. ತಪ್ಪಿನ ಭಾರ ಮಾತ್ರ ಮಾಡಿದವನಿಗೇ ಸಿಗುತ್ತದೆ.

ಹಾಗಂತ ನೋಡುವವನ ಅಭಿಮಾನ ಕಡಿಮೆಯದೇ? ಆ ಮಾತು ಮಾತ್ರ ಒಪ್ಪಲಾರೆ. 1983ರ ಜೂನ್ 18ರಂದು ಜಿಂಬಾಬ್ವೆ ವಿರುದ್ಧ 17 ರನ್ನಿಗೆ 5 ವಿಕೆಟ್ ಬಿದ್ದಿದ್ದಾಗ ಕಪಿಲ್ ದೇವ್ ಔಟಾಗದೆ 175 ಹೊಡೆದರಲ್ಲ, ಆ ಆಟದ ವಿಡಿಯೋ ಚಿತ್ರಣವೇ ಇಲ್ಲ. ಆಡಿದ್ದಂತೂ ದೂರ, ಕೋಟ್ಯಂತರ ಅಭಿಮಾನಿಗಳು ಅದನ್ನು ನೋಡಿಯೂ ಇಲ್ಲ! ಆದರೂ ಅದು ನಮ್ಮದೇ. ಆ ದಿನ ಎದುರು ತುದಿಯಲ್ಲಿದ್ದವರು ನಮ್ಮ ಕರ್ನಾಟಕದ ಸಯ್ಯದ್ ಕಿರ್ಮಾನಿ. ಇಬ್ಬರೂ ಸೇರಿ ಮುರಿಯದ 126 ರನ್ ಗಳಿಸಿದರು. ಅದರಲ್ಲಿ ಕಿರ್ಮಾನಿಯವರದು 24. ಉಳಿದ ಹೊತ್ತು ಅವರು ಮಾಡಿದ್ದು ನಿಂತು ನೋಡಿದ್ದು. ತನ್ನ ವಿಕೆಟ್ಟನ್ನು ಪಣಕ್ಕಿಟ್ಟು ನೋಡಿದ್ದು!

ಇನ್ನೊಂದು ಮಾತು, ಇದು ದುಡ್ಡಿನದು. 2016ರ ಜನವರಿಯಲ್ಲಿ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಎಂಬ ಆಟ ಬಂತು. ಕ್ಯಾನ್ಸರಿನಿಂದ ತೀರಿಹೋದ ತಮ್ಮ ಪುಟ್ಟ ಮಗನ ನೆನಪಿಗೆ ಅಮೆರಿಕದ ಗ್ರೀನ್ ದಂಪತಿ ಗೆಳೆಯರೊಂದಿಗೆ ಸೇರಿ ಮಾಡಿದ್ದು. ಆಟ ಚಿಕ್ಕದು, ಒಂದೆರಡು ಗಂಟೆಯದು. ಯಾರೋ ಆಡಿದ್ದನ್ನು ಬಹಳ ಜನ ಪೂರ್ತಿ ನೋಡಿ ಅತ್ತರು. ನೋಡಿದವರು ಕೊಳ್ಳಲಿಲ್ಲ. ಮಾರಾಟದಿಂದ ತಮಗೆ ಇನ್ನೂ ಒಂದು ಡಾಲರೂ ಬಂದಿಲ್ಲವೆಂದು ಆ ವರ್ಷ ಮಾರ್ಚಿನಲ್ಲಿ ಮಾಡಿದವರೇ ಬರೆದುಕೊಂಡರು. ಪೈರಸಿ ಕಾಪಿಯಲ್ಲಿ ಪಿಕ್ಚರ್ ನೋಡಿ ‘ಸೂಪರ್ ಗುರು’ ಎನ್ನುವವರ ನೆನಪಾಯಿತು. ನಾನೂ ಸಾಚಾ ಅಲ್ಲ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಅದರ ಬೆಲೆ 49,990 ರೂಪಾಯಿ. ರಾವಂದೂರಿನ ಹುಡುಗ ನೋಡದೆ ಇನ್ನೇನು ಮಾಡಿಯಾನು? ಆದರೆ ಕೊಳ್ಳುವ ಶಕ್ತಿ ಇದ್ದೂ ಬರೀ ನೋಡುವವನು ತನ್ನನ್ನೇ ಒಮ್ಮೆ ಕೇಳಿಕೊಳ್ಳಬೇಕು.

1972ರಲ್ಲಿ ‘ಬಂಗಾರದ ಮನುಷ್ಯ’ ನೋಡಿ ಓದಿದ ಹುಡುಗರು ಹಳ್ಳಿಗೆ ವಾಪಸ್ ಬಂದು ನೇಗಿಲು ಹಿಡಿದರೆಂದು ಹಿರಿಯರು ಈಗಲೂ ಹೇಳುತ್ತಾರೆ. ಬಂದಿರಬಹುದು. ಅವರನ್ನು ಹೊಲದ ಬದುವಿನ ತನಕ ಕರೆತಂದದ್ದು ಪಿಕ್ಚರು. ಬದು ದಾಟಿದ ಮೇಲೆ ಅಂಗೈ ಬೊಬ್ಬೆ ಅವರದೇ.

ಅಂದಹಾಗೆ, ಬಸ್‌ಸ್ಟ್ಯಾಂಡಿನ ಆ ಹುಡುಗ. ಟೀ ಕೊಡಿಸಿ, ‘ಬೇಜಾರಾಯ್ತೇನಪ್ಪಾ?’ ಎಂದೆ. ಅವನು ತಲೆ ಅಲ್ಲಾಡಿಸಿದ: ‘ಇಲ್ಲ ಕಣಣ್ಣ. ಅವ್ನು ಅವ್ನ ಮುಂದಿರೋದ್ನ ಮಾತ್ರ ನೋಡ್ತಾನೆ. ನಾನು ನಾಕ್ ಜನದ್ದೂ ನೋಡ್ತೀನಿ. ಅವ್ನು ಯಾಕೆ ಸತ್ತ ಅಂತ ಅವ್ನಿಗೇ ಗೊತ್ತಾಗಲ್ಲ, ನಂಗೆ ಗೊತ್ತಾಯ್ತದೆ.’

‘ಹಂಗಾದ್ರೆ ನಿನ್ ಕೈಗೆ ಫೋನ್ ಕೊಟ್ರೆ ಗೆಲ್ತೀಯಾ?’

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ‘ಗೊತ್ತಿಲ್ಲ ಕಣಣ್ಣ. ನೋಡಿದ್ದೀನಿ, ಆಡಿಲ್ಲ.’

ಇಪ್ಪತ್ತರಲ್ಲಿ ಅಪ್ಪನ ಮುಂದೆ ನನ್ನ ಬಾಯಿಗೆ ಬಾರದ ಮಾತು ಅದು. ಕ್ಯಾಮರಾ ಮುಂದೆ ಒಂದು ದಿನವೂ ನಿಲ್ಲದೆ ನಟರ ತಪ್ಪು ಒಪ್ಪು ಬರೆದು ಹೊಟ್ಟೆ ಹೊರೆಯುವ ನಾನು, ಪ್ರತಿ ಲೇಖನ ಬರೆಯುವ ಮೊದಲು ಈಗ ಅದನ್ನು ಮನಸ್ಸಿನಲ್ಲಿ ಒಂದು ಸಲ ಹೇಳಿಕೊಳ್ಳುತ್ತೇನೆ. ಅಷ್ಟಾದ ಮೇಲೆ ಧೈರ್ಯವಾಗಿ ಬರೆಯುತ್ತೇನೆ.

ಬಸ್ ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಹುಡುಗ ಮತ್ತೆ ಅವರ ಬೆನ್ನ ಹಿಂದೆ ನಿಂತಿದ್ದ. ನೀವೇನಂತೀರಿ ಮಿತ್ರರೇ, ಆ ಐವರಲ್ಲಿ ಅಭಿಮಾನಿಗಳು ನಾಲ್ವರೋ, ಐವರೋ?