ಹರಿಹರದ ಮನೆ

"ಅಜ್ಜಾ, ಹರಿಹರದಾಗೂ ನಮ್ಮನಿ ಐತಲ್ಲ, ಹಂಗಾರೆ ನಾವು ಸಾವ್ಕಾರ್ರಾ?" ಎಂದು ಮೊಮ್ಮಗಳು ಕೇಳಿದಳು. ನಗು ಬಂತು.

1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇರುವ ಊರು. ಲೇತ್ ಯಂತ್ರ ತಯಾರಾಗುವ ತನಕ ಬಾಡಿಗೆಗೆ ಜನ ತಪ್ಪುವುದಿಲ್ಲ ಎಂಬುದು ನನ್ನ ಲೆಕ್ಕ. ಋಣಭಾರ ಪತ್ರ ತೆಗೆಸಿ, ಖಾತೆ, ಕಂದಾಯದ ರಸೀದಿ ನೋಡಿಯೇ ಮನೆ ಕೊಂಡೆ. ನೀರಿನ ಟ್ಯಾಂಕ್ ಸೋರುತ್ತದೆಂದು ಮಾತ್ರ ಯಾವ ಕಾಗದದಲ್ಲೂ ಬರೆದಿರಲಿಲ್ಲ! ನಲ್ಲಿ ಕೆಟ್ಟರೂ ದಾವಣಗೆರೆಯಿಂದ ಬಸ್ಸು ಹತ್ತಬೇಕು. ಒಂದು ವರ್ಷವಂತೂ ಮೂರು ತಿಂಗಳ ಬಾಡಿಗೆ ಕಂದಾಯಕ್ಕೆ, ಸುಣ್ಣಬಣ್ಣಕ್ಕೇ ಹೋಯಿತು.

ಆಮೇಲೆ ಕಾರ್ಖಾನೆ ಮುಚ್ಚಿತು. ಬಾಡಿಗೆಗಿದ್ದವರು ಅಲ್ಲಿಯ ಫಿಟ್ಟರ್. ಐದು ತಿಂಗಳು ದುಡ್ಡು ಬರಲಿಲ್ಲ. ಆ ದುಡ್ಡಿನ ಮೇಲೆಯೇ ನನ್ನ ಮಗಳ ಕಾಲೇಜು ಫೀಸು ನಿಂತಿತ್ತು. "ಖಾಲಿ ಮಾಡಿಸ್ರಿ" ಎಂದರು ನೆಂಟರು. ಹೇಳಿಯೇ ಬರಬೇಕೆಂದು ಹೋದೆ. ಪಡಸಾಲೆಯಲ್ಲಿ ಅವರ ಮಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ. ಚಹಾ ಕುಡಿದೆ, ಮಾತು ಹೊರಡಲಿಲ್ಲ. "ಅಡ್ವಾನ್ಸಿನಾಗೆ ಮುರಕೊಳ್ಳೋಣ, ಪರೀಕ್ಷೆ ಮುಗೀಲಿ" ಎಂದು ಬಂದುಬಿಟ್ಟೆ. ಮನೆಯಾಕೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಫೀಸಿಗೆ ಕೈಸಾಲ ಮಾಡಿದೆ.

ಜೂನ್‌ನಲ್ಲಿ ಅವರು ಮನೆ ಬಿಟ್ಟರು. ಕೀಲಿ ಇಸಿದುಕೊಂಡು ಮಾಳಿಗೆ ಹತ್ತಿ ನೋಡಿದರೆ, ಟ್ಯಾಂಕನ್ನು ತಾವೇ ರಿಪೇರಿ ಮಾಡಿ ಹೋಗಿದ್ದರು. ಇವತ್ತಿಗೂ ಒಂದು ಹನಿ ಸೋರಿಲ್ಲ.